‘ಹೋದ’ ಅಲ್ಲ

ಅದು ೧೯೮೩. ಕನ್ನಡ ಸಂಘದ ಬೆಳ್ಳಿಹಬ್ಬದ ಸಂಚಿಕೆ ಅಚ್ಚಾಗುತ್ತಿದ್ದ ನೌಪಾಡಾದ ಪ್ರೆಸ್ಸಿಗೆ ನನ್ನನ್ನು ಕರೆಸಿದ್ದರು. ನಾನು ಮರಗಮ್ಮನನ್ನೂ ಕರೆದುಕೊಂಡು ಹೋದೆ. ಸಂಚಿಕೆಗೆ ನಾನು ಕೊಟ್ಟಿದ್ದ ಕತೆ ಅವಳ ಗಂಡ ಸೈದಪ್ಪನದು. ತುರ್ಭೆಯ ಕಲ್ಲುಗಣಿಯಲ್ಲಿ ಬಂಡೆ ಕುಸಿದು ಸತ್ತವನು. ಕತೆಯಲ್ಲಿ ಅವನಿಗೆ ಬೇರೆ ಹೆಸರಿಟ್ಟಿದ್ದೆ. ಸಾವನ್ನು ಮಾತ್ರ ಬದಲಿಸಿರಲಿಲ್ಲ.

ಸರಕಾರಿ ವರದಿಯಲ್ಲಿ ಆ ಸಾವೇ ಇಲ್ಲ. ವಿಚಾರಣೆಗೆ ಬಂದ ಸಾಹೇಬ ಗಂಡ ಎಲ್ಲಿ ಎಂದು ಕೇಳಿದಾಗ ಮರಗಮ್ಮ, ನಮ್ಮ ಕಡೆಯವರು ಸಾವಿಗೆ ಹೇಳುವಂತೆ, "ಹೋದನ್ರೀ" ಎಂದು ಅತ್ತಿದ್ದಳು. ದುಭಾಷಿಯಾಗಿ ನಿಂತಿದ್ದ ಗಣಿ ಗುತ್ತೇದಾರನ ಮನುಷ್ಯ ಅದನ್ನು ಮರಾಠಿಯಲ್ಲಿ "ಕೆಲಸ ಬಿಟ್ಟು ಹೋದ" ಎಂದು ಬರೆಸಿದ. ಹೆಂಡತಿಯೇ ಹೇಳಿದ ಮೇಲೆ ಬಂಡೆ ಸರಿಸಿ ನೋಡುವ ಗರಜು ಯಾರಿಗೂ ಬೀಳಲಿಲ್ಲ.

ಸಂಘದ ಕಾರ್ಯದರ್ಶಿ ಶಿವಪುತ್ರಪ್ಪನವರು ಪ್ರೂಫಿನ ಮೇಲೆ ಬೆರಳಿಟ್ಟರು. "ನೀಲಗಂಗಾಬಾಯಿ, ಈ 'ಸತ್ತ' ಅನ್ನೂದು ತಗೀರಿ. 'ಹೋದ' ಅಂತ ಮಾಡ್ರಿ. ಎರಡಕ್ಕ ಎರಡ ಅಕ್ಷರ, ಸಾಲೂ ಅಲುಗಂಗಿಲ್ಲ. ತಿಳಿಯೋರಿಗೆ ತಿಳೀತದ, ಗುತ್ತೇದಾರರ ಜಾಹೀರಾತೂ ಉಳೀತದ."

ನಾನು ಬಾಗಿಲ ಕಡೆ ನೋಡಿದೆ. ಗುತ್ತೇದಾರನ ಜನ ಡೊಂಬಿವಲಿಯ ನನ್ನ ಮನೆಯ ಗುರುತು ಹಿಡಿದಿದ್ದರು. ಪದವೇನೂ ಕೆಟ್ಟದ್ದಲ್ಲ; ಅವ್ವ ತೀರಿದಾಗ ನಾನೂ ಅದನ್ನೇ ಬರೆದಿದ್ದೆ. ಒಪ್ಪಿಬಿಡುತ್ತಿದ್ದೆನೇನೋ.

"ಆ ಮಾತು ಬ್ಯಾಡ್ರಿ ಅಕ್ಕಾರ," ಎಂದಳು ಮರಗಮ್ಮ. "ಒಮ್ಮಿ ನನ್ನ ಬಾಯಾಗಿಂದ ಕಸ್ಕೊಂಡು ಅಂವನ್ನ ಓಡ್ಸ್ಯಾರ. ಓಣ್ಯಾಗ ಕೇಳ್ತಾರ, ಯಾವಾಕಿ ಹಿಂದ ಓಡ್ಯಾನ ಅಂತ."

"ಏ ತಂಗಿ, ಇದು ಬರೇ ಕತಿ," ಶಿವಪುತ್ರಪ್ಪ ನಕ್ಕರು.

"ಬರೇ ಕತಿ ಆದ್ರ ನಿಮಗ್ಯಾಕ್ರಿ ಅಂಜಿಕಿ?" ಎಂದೆ. "ಮ್ಯಾಲ 'ಕಾಲ್ಪನಿಕ' ಅಂತ ದಪ್ಪಕ್ಷರದಾಗ ಹಾಕ್ರಿ. ವರದಿಯೊಳಗ ಅಂವನ್ನ ಓಡಿಸಿದ್ದೂ ಕಾಲ್ಪನಿಕನ. ಅದರ ಮ್ಯಾಲ ಹಾಕಿಲ್ಲ, ಅಷ್ಟ."

"ಹಂಗಾರ ಕತಿ ಸಂಚಿಕ್ಯಾಗ ಇಲ್ಲ."

"ಬ್ಯಾಡ ಬಿಡ್ರಿ."

ಜೋಡಿಸಿದ್ದ ಅಚ್ಚುಮೊಳೆ ಬಿಚ್ಚಲು ಬಂದ ಕಂಪೋಸಿಟರ್ ಮೋಹನದಾಸನನ್ನು ತಡೆದೆ. ಕತೆಯನ್ನು ಇದ್ದ ಹಾಗೇ ಬಿಡಿಹಾಳೆಗಳಾಗಿ ಅಚ್ಚು ಹಾಕಿಕೊಡು, ಕೆಳಗೆ ನನ್ನ ಪೂರ್ತಿ ಹೆಸರಿರಲಿ ಎಂದೆ.

ಮರಗಮ್ಮ ಮಸಿ ಆರದ ಮೊದಲ ಹಾಳೆಯನ್ನು ಎತ್ತಿಕೊಂಡಳು. ಅವಳಿಗೆ ಓದು ಬಾರದು.

"ಇದರಾಗ ಎಲ್ಲಿ ಸತ್ತಾನ್ರಿ?"

ತೋರಿಸಿದೆ. ಅವಳು ಆ ಸಾಲನ್ನೇ ನೋಡುತ್ತ ನಿಂತಳು. ಆಮೇಲೆ ಮೋಹನದಾಸನ ಕಡೆ ತಿರುಗಿದಳು.

"ಅಣ್ಣಾ, ಗೋಂದು ಅದ ಏನು? ಗಣಿ ಗೇಟಿಗಿ ಹಚ್ಚಬೇಕು."