ಕೊಟ್ಟ ಮರಿಗಳನ್ನು ಹುಡುಕಿಕೊಂಡು ಹೋದವರು

ಯಾರ ಮನೆಗೆ ಹೋದರೂ ಬಸವರಾಜೇಶ್ವರಿಯವರು ಮೊದಲು ವಿಚಾರಿಸುತ್ತಿದ್ದುದು ಬೆಕ್ಕಿನ ಕ್ಷೇಮವನ್ನು. ಮನೆಯವರ ಸರದಿ ಬರುವಷ್ಟರಲ್ಲಿ ಕೊಟ್ಟ ಕಾಫಿ ಆರಿರುತ್ತಿತ್ತು. ಬಸವೇಶ್ವರನಗರದಲ್ಲಿ ನಮ್ಮ ಹಿಂದಿನ ಬೀದಿಯವರು. ದಾವಣಗೆರೆ ಕಡೆಯ ಮನೆತನ, ಖಜಾನೆ ಇಲಾಖೆಯಿಂದ ನಿವೃತ್ತರು. ಸೊಂಟನೋವಿನಿಂದ ತುಸು ಎಡಕ್ಕೆ ವಾಲಿ ನಡೆಯುವ ಅವರು ಬೇಸಿಗೆಯಲ್ಲೂ ಬಿಡದೆ ತೊಡುತ್ತಿದ್ದ ಬೂದು ಸ್ವೆಟರಿನ ಎದೆಯ ತುಂಬ ಬೆಕ್ಕಿನುಗುರು ಎಳೆದ ನೂಲುಗಳು. ಹೊಸದು ಕೊಳ್ಳಬಾರದೇ ಎಂದರೆ, "ಹಂಗಲ್ಲರೀ, ಇದರ ವಾಸನೆ ಅವಕ್ಕೆ ಗೊತ್ತು" ಎನ್ನುತ್ತಿದ್ದರು. 'ಹಂಗಲ್ಲರೀ' ಎಂಬುದಿಲ್ಲದೆ ಅವರ ಮಾತು ಹೊರಡುತ್ತಲೇ ಇರಲಿಲ್ಲ.

ತಮ್ಮ ಪರ್ಷಿಯನ್ ಬೆಕ್ಕು ಗೌರಿ ಹೆತ್ತ ಮರಿಗಳನ್ನು ಅವರು, ಮಗಳನ್ನು ಕೊಡುವವರಂತೆ ಮನೆ ನೋಡಿ, ಮನೆಯವರನ್ನು ನೋಡಿ, ಹೇರೋಹಳ್ಳಿಯಿಂದ ಅತ್ತಿಗುಪ್ಪೆಯವರೆಗೆ ಕೊಟ್ಟುಬಂದಿದ್ದರು. ಕಳೆದ ವರ್ಷ ಗೌರಿ ಆಹಾರ ಬಿಟ್ಟು, ಸೊರಗಿ ಸತ್ತಿತು. ಮೂತ್ರಪಿಂಡದ ತುಂಬ ನೀರುಗುಳ್ಳೆಗಳು; ವಂಶದಲ್ಲಿ ಇಳಿದು ಬರುವ ರೋಗ, ವಾಸಿಮಾಡುವ ಮದ್ದಿಲ್ಲ ಎಂದರು ಪಶುವೈದ್ಯರು. ಯಾವ ಮರಿಗೆ ಇಳಿದಿದೆಯೆಂದು ಡಿಎನ್‌ಎ ಪರೀಕ್ಷೆಯಿಂದ ತಿಳಿಯಬಹುದು, ಅಂಥವು ಮುಂದೆ ಮರಿ ಹಾಕದಂತೆ ನೋಡಿಕೊಂಡರೆ ರೋಗ ಅಲ್ಲಿಗೆ ನಿಲ್ಲುತ್ತದೆ ಎಂದೂ ಹೇಳಿದರು. ಅದೊಂದು ಮಾತನ್ನೇ ನೆಚ್ಚಿಕೊಂಡು, ಬೆಕ್ಕು ಹಿಡಿದುಕೊಳ್ಳಲು ನನ್ನನ್ನು ಕರೆದುಕೊಂಡು ಬಸವರಾಜೇಶ್ವರಿಯವರು ಮನೆಮನೆಗೆ ಹೊರಟರು.

ಕುರುಬರಹಳ್ಳಿಯ ಮನೆಯವರು ಬಾಗಿಲಲ್ಲೇ ನಿಲ್ಲಿಸಿ, "ಚೆನ್ನಾಗೇ ಇದೆಯಲ್ಲ ಮೇಡಂ, ಸುಮ್ನೆ ಯಾಕೆ ಕೆದಕ್ತೀರಾ?" ಎಂದರು. ಒಳಗೆ ಬಿಟ್ಟ ಮನೆಗಳಲ್ಲಿ ನಾನು ಬೆಕ್ಕನ್ನು ಟವೆಲಿನಲ್ಲಿ ಸುತ್ತಿ ಹಿಡಿಯುತ್ತಿದ್ದೆ. ಬಸವರಾಜೇಶ್ವರಿಯವರು ಅದರ ತುಟಿಯಂಚನ್ನು ಬೆರಳಿನಿಂದ ಸರಿಸಿ, ಕೆನ್ನೆಯೊಳಗೆ ಹತ್ತಿಕಡ್ಡಿಯನ್ನು ಮೆಲ್ಲಗೆ ಉಜ್ಜಿ, ಗಾಳಿಗೆ ಆರಿಸಿ, ಕಾಗದದ ಲಕೋಟೆಯಲ್ಲಿ ಇಡುತ್ತಿದ್ದರು.

ಅತ್ತಿಗುಪ್ಪೆಯ ಮುನಿರಾಜು ಅವರ ಮಗಳು ದಿವ್ಯಳ ಬೆಕ್ಕು ಚಿನ್ನಿ ಆಗಲೇ ಗಬ್ಬವಾಗಿತ್ತು. "ರೋಗ ಇದ್ರೆ ಏನ್ ಮಾಡ್ಬೇಕು ಆಂಟಿ?" ಎಂದು ಆ ಹುಡುಗಿ ಕೇಳಿದಳು. ಬಸವರಾಜೇಶ್ವರಿಯವರು ಚಿನ್ನಿಯ ಹೊಟ್ಟೆಯ ಮೇಲೆ ಮೆಲ್ಲಗೆ ಕೈಯಾಡಿಸಿದರು.

ಪರೀಕ್ಷೆಯ ವರದಿ ಬಂತು. ಚಿನ್ನಿಗೆ ರೋಗ ಇಳಿದಿತ್ತು; ಇನ್ನು ಕೆಲವಕ್ಕೂ. ಫೋನಿನಲ್ಲಿ ಹೇಳಿಬಿಡಿ ಎಂದೆ. "ಹಂಗಲ್ಲರೀ. ಕೊಡೋವಾಗ ನಾನೇ ಹೋಗಿದ್ದೆನಲ್ಲ" ಎಂದು ಮತ್ತೆ ಪ್ರತಿಯೊಂದು ಮನೆಗೂ ಹೋದರು.

ಮುನಿರಾಜು ಒರಟು ಮನುಷ್ಯರಲ್ಲ. ಕೆಲವೇ ದಿನಗಳಲ್ಲಿ ಚಿನ್ನಿಯನ್ನು ಬುಟ್ಟಿಯಲ್ಲಿ ತಂದರು. "ಸಾಯೋದು ಗೊತ್ತಿದ್ದೂ ಇಟ್ಕೊಂಡ್ರೆ ನಮ್ ಹುಡುಗಿ ತಡ್ಕೊಳಲ್ಲ ಮೇಡಂ" ಎಂದು, ಮುಖ ನೋಡದೆ ಹೊರಟುಹೋದರು. ಉಳಿದವರು ಅಷ್ಟನ್ನೂ ಹೇಳಲಿಲ್ಲ. ರೋಗವಿದ್ದ ತಮ್ಮ ಬೆಕ್ಕುಗಳನ್ನು ಇವರ ಗೇಟಿನೊಳಗೆ ಬಿಟ್ಟು ಹೋದರು. ಓಡಾಡಿಕೊಂಡು, ತಿಂದುಕೊಂಡು ಚೆನ್ನಾಗಿದ್ದ ಬೆಕ್ಕುಗಳು ಅಪರಿಚಿತ ಮನೆಯ ಮಂಚದಡಿ ಸೇರಿ, ತಮ್ಮ ಮನೆಗಾಗಿ ಕೂಗುತ್ತಿದ್ದವು. ಚಿನ್ನಿ ಹೆತ್ತ ಮರಿಗಳನ್ನು ಕೇಳುವವರೇ ಇರಲಿಲ್ಲ.

ಆಷಾಢದಲ್ಲಿ ಚಿನ್ನಿಯೂ ಆಹಾರ ಬಿಟ್ಟಿತು. ನಾನು ಹೋದಾಗ ಅದರ ಚರ್ಮದಡಿಗೆ ಸಲೈನು ಹನಿಸುತ್ತಾ ಕುಳಿತಿದ್ದ ಬಸವರಾಜೇಶ್ವರಿಯವರು ತಲೆಯೆತ್ತದೆಯೇ ಹೇಳಿದರು: "ನಾನು ಹೇಳದೇ ಇದ್ದಿದ್ರೆ ಇವೆಲ್ಲ ತಮ್ಮ ತಮ್ಮ ಮನೇಲಿ ಸಾಯ್ತಿದ್ವು." ನಾನು ಸಲೈನು ಬಾಟಲಿಯನ್ನು ಎತ್ತಿ ಹಿಡಿದೆ.

ಇಂಥವರಿಂದ ಲೋಕಕ್ಕೆ ಒಳಿತಾಗುತ್ತದೆಂದು ಒಂದು ಕಾಲಕ್ಕೆ ನಂಬಿದ್ದೆ. ಈಗ ಆ ಧೈರ್ಯವಿಲ್ಲ. ತಮ್ಮಿಂದ ಅರಿಯದೆ ಆದ ಕೇಡನ್ನು ಕೊನೆಯ ಮನೆಯವರೆಗೂ ಹುಡುಕಿಕೊಂಡು ಹೋಗುವವರಿಗೆ ಯಾರ ಕ್ಷಮೆಯೂ ಸಿಗುವುದಿಲ್ಲ. ಕೇಡೇ ಅವರ ಬೆನ್ನುಹಿಡಿದು ಮನೆಗೆ ಬರುತ್ತದೆ. ಅವರು ಅದಕ್ಕೂ ಬಾಗಿಲು ತೆರೆದು, ಹಾಲಿಟ್ಟು, ಅದು ಉಸಿರಾಡುವಷ್ಟು ದಿನವೂ ಪಕ್ಕದಲ್ಲೇ ಕೂರುತ್ತಾರೆ.