ಗ್ರಂಥಾಲಯದ ಮೌನ ಹಿಡಿಯುವ ಹೊತ್ತು

ಗುಂಯ್ ಅನ್ನುತ್ತಿರುವುದು ಕಾಫಿ ಕೋಣೆಯ ಫ್ರಿಜ್ಜೋ ಕಿಟಕಿ ಕೆಳಗಿನ ಬಿಸಿನೀರಿನ ಕೊಳವೆಯೋ, ಸೈನಿಗೆ ಬಗೆಹರಿಯಲಿಲ್ಲ, ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡಳು, ಒತ್ತಿಕೊಂಡ ಮೇಲೆ ಗುಂಯ್‌ಗುಡುವುದು ತನ್ನ ತಲೆಯೇ ಇರಬಹುದು ಅನ್ನಿಸಿತು, ಯಾರೂ ಅಲ್ಲಾಡಬೇಡಿ ಮಾತಾಡಬೇಡಿ ಈಗ ಈ ಕೋಣೆಯ ಮೌನ ಹಿಡೀತೀವಿ ಅಂದವಳು ತಾನೇ, ಚಿತ್ರೀಕರಣ ಮುಗಿಸಿ ಹೊರಡುವ ಮುಂಚೆ ಎಲ್ಲ ಕಡೆಯೂ ಮಾಡುವ ಕೆಲಸ, ಬರೀ ಮೌನವನ್ನು ಮುದ್ರಿಸಿಕೊಳ್ಳುವುದು, ಆಮೇಲೆ ಮಾತನ್ನು ಕತ್ತರಿಸಿದ ಕಡೆಯೆಲ್ಲ ಅದರಿಂದ ತೇಪೆ ಹಾಕುವುದಕ್ಕೆ — ಚರ್ಚಿನ ಮೌನವನ್ನು ತಂದು ಇಲ್ಲಿ ಹೊಲಿದರೆ ಒಪ್ಪುವುದಿಲ್ಲ, ಒಂದೊಂದು ಮನೆಗೆ ಒಂದೊಂದು ಮೌನ — ಎಲ್ಲರೂ ಕಲ್ಲಾಗಿದ್ದಾರೆ, ಹೆಣಿಗೆಯ ಹೆಂಗಸರು ಕಡ್ಡಿಗಳನ್ನು ಗಾಳಿಯಲ್ಲೇ ಹಿಡಿದಿದ್ದಾರೆ, ಪುಸ್ತಕದ ಹಾಗೆ ಇಲ್ಲಿಂದಲೇ ಎರವಲು ಒಯ್ದ ಡ್ರಿಲ್ಲಿಂಗ್ ಮೆಷಿನ್ನನ್ನು ಹಿಂದಿರುಗಿಸಲು ಬಂದವನು ಅದನ್ನು ಕೂಸಿನ ಹಾಗೆ ಎದೆಗವಚಿಕೊಂಡಿದ್ದಾನೆ, ಕ್ಯಾಮೆರಾ ಆರಿಸಿ ಕೈಕಟ್ಟಿ ನಿಂತಿರುವ ಟಾರ್ಮೋ, ಮೇಜಿನ ಹಿಂದೆ ಗ್ರಂಥಪಾಲಕಿ ರೌನಿ, ಅವಳ ಕೆನ್ನೆ ಇನ್ನೂ ಒದ್ದೆಯೇ, ಅಲ್ಲ ಅದು ದೀಪದ ಬೆಳಕು, ಮತ್ತೆ ಕಿಟಕಿಯ ಪಕ್ಕ ಓಯ್ವಾ ಮೇಷ್ಟ್ರು, ಮುಂದೆ ಹರಡಿದ ಪತ್ರಿಕೆ, ಪತ್ರಿಕೆಯ ಮೇಲೆ ಆ ಬೆರಳು, ಸಾಲಿನ ಕೊನೆ ಮುಟ್ಟಿ ಅಂಚಿನ ಬಿಳಿಯಲ್ಲಿ ನಿಂತ ಬೆರಳು.

ಆ ಬೆರಳನ್ನು ಬೆಳಿಗ್ಗೆ ಕ್ಯಾಮೆರಾದಲ್ಲಿ ಎಷ್ಟು ಹತ್ತಿರದಿಂದ ಹಿಡಿದಿದ್ದರು, ಟಾರ್ಮೋ ನೆಲದ ಮೇಲೆ ಕೂತೇಬಿಟ್ಟಿದ್ದ, ಈ ಬೆರಳೇ ಕಣೇ ನಂಗೆ ಓದೋಕೆ ಕಲ್ಸಿದ್ದು, ನನ್ನ ಬೆರಳ ಮೇಲೆ ತಮ್ಮ ಬೆರಳಿಟ್ಟು ಸಾಲುಗುಂಟ ಎಳ್ಕೊಂಡ್ ಹೋಗೋರು, ನಾನು ಬೇಕಂತ್ಲೇ ತಪ್ಪು ಓದ್ತಿದ್ದೆ ಅಂತ ಅವನು ಕಿವಿಯಲ್ಲಿ ಉಸುರಿದ್ದ, ಅರ್ಧ ಊರಿಗೆ ಅಕ್ಷರ ಕಲಿಸಿದ ಬೆರಳು, ಪ್ರತಿ ಸಾಲಿನ ಕೊನೆಗೂ ಅಂಚಿನಲ್ಲಿ ಅಷ್ಟು ಹೊತ್ತು ನಿಲ್ಲುತ್ತಿತ್ತು, ಓದಿದ್ದನ್ನು ಮೆಲುಕು ಹಾಕುತ್ತಿದ್ದಾರೆ ಅಂದುಕೊಂಡಳು ಸೈನಿ, ಚಿತ್ರದ ಮೊದಲ ನೋಟ ಇದೇ ಅಂತ ಮನಸ್ಸಿನಲ್ಲೇ ಗಂಟು ಹಾಕಿಕೊಂಡಿದ್ದಳು — ಪೆದ್ದಿ, ಕಣ್ಣಿದ್ದೂ ಕುರುಡಿ — ಆಮೇಲೆ ಕೊರಳಪಟ್ಟಿಗೆ ಗುಂಡಿಯಷ್ಟು ಮೈಕು ಸಿಕ್ಕಿಸಿ ಕೂರಿಸಿದರೆ ಮೇಷ್ಟ್ರು ಬೆನ್ನು ನೆಟ್ಟಗೆ ಮಾಡಿಕೊಂಡು ಗ್ರಂಥಾಲಯವು ಊರಿನ ಜ್ಞಾನದೀಪ, ಸಮಾಜದ ಕನ್ನಡಿ ಅಂತ ಶುರುಮಾಡಿದರು, ಮುಗಿಯಿತು ಚಿತ್ರ, ಇದನ್ನೇ ಸ್ಕೂಲ್ ಡೇಲೂ ಹೇಳ್ತಿದ್ರು ಅಂತ ಟಾರ್ಮೋ ಕಣ್ಣು ಮೇಲೆ ಮಾಡಿದ. ಜ್ಞಾನದೀಪ ಅಂದರೆ ಆ ಪುರಸಭೆಯ ಅಧ್ಯಕ್ಷೆ ಆಕಳಿಸುತ್ತಾಳೆ, ಓದೋರು ಎಲ್ಲಿದಾರಮ್ಮ ಈಗ, ಬೆಚ್ಚಗೆ ಕೂತ್ಕೊಳ್ಳೋಕೆ ಬರ್ತಾರೆ ಅಷ್ಟೇ, ಅದಕ್ಕೊಂದು ಕಟ್ಟಡ ಬೇಕಾ ಅಂದಿದ್ದಳಲ್ಲ, ಶುಕ್ರವಾರ ಸಭೆ, ಗ್ರಂಥಾಲಯ ಮುಚ್ಚಬೇಕೋ ಬೇಡವೋ ಅಂತ ಕೈ ಎತ್ತುವ ಮುಂಚೆ ಸೈನಿಯ ಚಿತ್ರ ತೋರಿಸುತ್ತಾರೆ, ತೋರಿಸಲು ಏನಿದೆ, ಜ್ಞಾನದೀಪ ಇದೆ, ಹೆಣಿಗೆ ಇದೆ, ಡ್ರಿಲ್ಲಿಂಗ್ ಮೆಷಿನ್ ಇದೆ. ಆಯ್ತು ಮೇಷ್ಟ್ರೇ ಥ್ಯಾಂಕ್ಸ್ ಅಂದಳು, ಮೈಕು ಬಿಚ್ಚಿಕೊಳ್ಳುವುದನ್ನು ಮರೆತಳು. ಮರೆತದ್ದೇ? ಮರೆತದ್ದೇ, ಆಣೆಗೂ, ಅವರು ಎದ್ದು ರೌನಿಯ ಹಿಂದೆ ಕಾಫಿ ಕೋಣೆಗೆ ಹೋದಾಗ ಲೋಟದ ಸದ್ದು ಕಿವಿಯಲ್ಲೇ ಟಣ್ ಅಂದಿತು, ಆಗ ಗೊತ್ತಾಯಿತಲ್ಲ, ಆಗ ಯಾಕೆ ಹೆಡ್‌ಫೋನ್ ಕಿತ್ತಿಡಲಿಲ್ಲ.

ಅಕ್ಷರ ಹತ್ತಲ್ಲ ರೌನಿ. ಮೇಷ್ಟ್ರ ದನಿಯೇ, ಆದರೆ ಜ್ಞಾನದೀಪದ ದನಿಯಲ್ಲ. ಹೋದ ಚಳಿಗಾಲ ಆಸ್ಪತ್ರೇಲಿ ಮಲಗಿ ಎದ್ನಲ್ಲ, ಅವತ್ತಿಂದ, ತಲೇಲಿ ಅದೆಲ್ಲೋ ರಕ್ತ ಕಟ್ಟಿತ್ತಂತೆ, ಕಣ್ಣು ಚೆನ್ನಾಗೇ ಕಾಣ್ತದೆ, ಅಕ್ಷರಾನೂ ಕಾಣ್ತದೆ, ಏನೂ ಹೇಳಲ್ಲ ಅಷ್ಟೇ, ಪಾಠ ಒಪ್ಪಿಸದ ಹುಡುಗ್ರ ಥರ ಸಾಲಾಗಿ ನಿಂತು ನನ್ನ ಮುಖಾನೇ ನೋಡ್ತವೆ. ಫ್ರಿಜ್ಜು ಗುಂಯ್ ಅಂದಿತು. ಆಮೇಲೆ ರೌನಿ, ಗೊತ್ತು ಮೇಷ್ಟ್ರೇ, ಯಾವಾಗ್ಲಿಂದಾನೋ ಗೊತ್ತು, ದಿನಾ ಬೆಳಿಗ್ಗೆ ಪೇಪರ್ ಜೋಡಿಸ್ಕೊಂಡು ಸುದ್ದಿಯೆಲ್ಲ ಗಟ್ಟಿಯಾಗಿ ಗೊಣಗ್ತೀನಲ್ಲ, ಯಾರಿಗೆ ಅಂದ್ಕೊಂಡ್ರಿ. ನಿಂಗೆ ವಯಸ್ಸಾಯ್ತು ಅಂದ್ಕೊಂಡಿದ್ದೆ ಕಣಮ್ಮ. ಇಬ್ಬರೂ ನಕ್ಕರು, ನಗು ನಡುವೆಯೇ ಒಡೆಯಿತು, ಹೆಲ್ವಿಗೆ ಮಾತ್ರ ಗೊತ್ತಾಗ್ಬಾರ್ದು ಅಂದರು ಮೇಷ್ಟ್ರು, ಹೆಂಡತಿಯ ಹೆಸರನ್ನು ಯಾರಾದರೂ ಕೇಳಿಸಿಕೊಂಡುಬಿಡುತ್ತಾರೇನೋ ಅನ್ನುವ ಹಾಗೆ ಮೆತ್ತಗೆ, ನಾನು ದಿನಾ ಓದ್ತಾ ಇದೀನಿ ಅಂತ ಅವಳಿಗೊಂದು ಧೈರ್ಯ, ಪುಸ್ತಕದ ಚೀಲ ಹೊತ್ಕೊಂಡ್ ಹೋಗ್ತೀನಿ, ಸಂಜೆ ಏನ್ ಓದಿದ್ರಿ ಅಂತಾಳೆ, ನೀನು ಗೊಣಗಿದ್ದನ್ನ ಹೇಳ್ತೀನಿ, ಈ ಬಾಗ್ಲು ಮುಚ್ಚಿಬಿಟ್ರೆ ನಾನು ಅವಳಿಗೆ ಏನಂತ ಹೇಳ್ಲಿ.

ಧ್ವನಿಮುದ್ರಣವಾಗಿದೆ, ಅಷ್ಟೂ, ಉಸಿರು ಸಮೇತ, ಗ್ರಂಥಾಲಯ ಯಾಕೆ ಬೇಕು ಅಂತ ಹಳ್ಳಿಹಳ್ಳಿ ಸುತ್ತಿ ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿದೆ, ಇದನ್ನು ಕೇಳಿದರೆ ಆ ಅಧ್ಯಕ್ಷೆಯೂ — ಅಥವಾ ಅವಳು, ನೋಡಿ, ನಾನು ಹೇಳ್ಲಿಲ್ವಾ, ಓದೋಕೆ ಯಾರೂ ಬರಲ್ಲ ಅಂತ, ಅಂದುಬಿಟ್ಟರೆ — ಇಲ್ಲ, ಆ ದನಿ ಕೇಳಿ ಯಾರು ಹಾಗೆ ಅನ್ನುತ್ತಾರೆ, ಬಾಗಿಲು ಉಳಿಯುತ್ತದೆ, ಮೇಷ್ಟ್ರಿಗೋಸ್ಕರವೇ ಉಳಿಯುತ್ತದೆ, ಆಮೇಲೆ ಆ ಬಾಗಿಲಿನಿಂದ ಅವರು ಒಳಗೆ ಹೇಗೆ ಬರುತ್ತಾರೆ, ಅರ್ಧ ಊರೇ ಅವರ ಶಿಷ್ಯರು, ಪಾಪ ಅಂತ ನೋಡುವ ಆ ಕಣ್ಣುಗಳ ನಡುವೆ ಯಾವ ಪತ್ರಿಕೆಯ ಮೇಲೆ ಬೆರಳಿಡುತ್ತಾರೆ, ಅವರನ್ನೇ ಕೇಳಿ ಒಪ್ಪಿಸಿದರಾಯಿತು, ಮೇಷ್ಟ್ರೇ ನಿಮ್ಮ ಗುಟ್ಟು ಕದ್ದು ಕೇಳಿದೆ ಚಿತ್ರಕ್ಕೆ ಕೊಡ್ತೀರಾ ಅಂತ ಕೇಳಬೇಕು, ಯಾವ ಬಾಯಲ್ಲಿ — ಅಜ್ಜಿ ಸೌನಾದ ಹಬೆಕೋಣೆಯಲ್ಲಿ ಮೇಲಿನ ಹಲಗೆಯ ಮೇಲೆ ಕೂತು, ಬಿಸಿ ಕಲ್ಲಿಗೆ ನೀರು ಚಿಮುಕಿಸುತ್ತ ಹೇಳುತ್ತಿದ್ದ ಆ ಕಿವಿಗಳ್ಳಿಯ ಕಥೆ, ಬರ್ಚ್ ಮರದ ತೊಗಟೆಯ ಬುಟ್ಟಿ ಹಿಡಿದು ಮನೆಮನೆಯ ಗೋಡೆಗೆ ಕಿವಿ ಕೊಟ್ಟು ಪಿಸುಮಾತು ಕದಿಯುವ ಹುಡುಗಿ, ಬುಟ್ಟಿ ಭಾರವಾಗಿ ಭಾರವಾಗಿ ಅವಳು ಏನು ಮಾಡಿದಳು ಅಜ್ಜಿ ಅಂದರೆ, ಒಂದು ಸಲ ಕೆರೆಗೆ ಸುರಿದಳು ಅನ್ನುತ್ತಿದ್ದಳು, ಇನ್ನೊಂದು ಸಲ ಮದುವೆಮನೆಯಲ್ಲಿ ಬಿಚ್ಚಿದಳು ಅನ್ನುತ್ತಿದ್ದಳು, ಯಾವುದು ನಿಜ ಅಂದರೆ ಬೆನ್ನುಜ್ಜು ಮೊದ್ಲು ಅನ್ನುತ್ತಿದ್ದಳು, ಅಜ್ಜಿಗೂ ಗೊತ್ತಿರಲಿಲ್ಲವೇನೋ, ಗೊತ್ತಿದ್ದರೆ ಹೇಳದೆ ಸಾಯುತ್ತಿದ್ದಳೇ. ಕಿವಿಯಲ್ಲಿ ಮೇಷ್ಟ್ರ ಉಸಿರು, ಮೈಕು ಇನ್ನೂ ಅಲ್ಲೇ ಇದೆ, ಅವರಿಗೆ ತಿಳಿಯದು, ಅಲ್ಲಾಡಬೇಡಿ ಅಂದದ್ದನ್ನು ಮರೆತು ಬೆರಳು ಹೊರಟಿತು, ಹೊಸ ಸಾಲು, ಕಾಗದದ ಮೇಲೆ ಚರ್ಮ ತಿಕ್ಕುವ ಸದ್ದು, ಸಾಲಿನ ಕೊನೆ, ಅಂಚಿನ ಬಿಳಿ, ನಿಂತಿತು.

ಬಾಗಿಲು ಸರಿಯಿತು, ಚಳಿ ಬಂತು, ಯಾರಪ್ಪಾ ಈಗ, ಮೌನ ಕೆಟ್ಟಿತು, ಟಾರ್ಮೋ ಹುಬ್ಬು ಗಂಟಿಕ್ಕಿದ — ಹೆಲ್ವಿ, ಕೈಯಲ್ಲಿ ಗಂಡನ ಉಣ್ಣೆ ಟೋಪಿ, ಬೆಳಿಗ್ಗೆ ಮರೆತು ಬಂದಿದ್ದರೋ ಏನೋ, ರೌನಿ ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು, ಹೆಲ್ವಿ ಅರ್ಥವಾಯಿತು ಅನ್ನುವ ಹಾಗೆ ತಲೆಯಾಡಿಸಿ, ಬೂಟನ್ನು ಬಾಗಿಲಲ್ಲೇ ಬಿಟ್ಟು ಕಾಲುಚೀಲದಲ್ಲಿ ಸದ್ದಿಲ್ಲದೆ ಬಂದು ಮೇಷ್ಟ್ರ ಪಕ್ಕದ ಕುರ್ಚಿಯಲ್ಲಿ ಕೂತಳು, ಕಿವಿಯಲ್ಲಿ ಉಸಿರು ಗಕ್ಕನೆ ಬಿಗಿಯಿತು, ಬೆರಳು ಅವಸರ ಮಾಡಿತು, ಓದುತ್ತಿದ್ದೇನೆ ನೋಡು ಅನ್ನುವ ಹಾಗೆ ಓಡಿ ಸಾಲಿನ ಕೊನೆ ಮುಟ್ಟಿ ಅಂಚಿನಾಚೆಗೂ ಜಾರಿ, ಅಲ್ಲಿ ತಡಕಾಡುತ್ತ, ಕೆಳಗಿನ ಸಾಲು ಎಲ್ಲಿ ಶುರುವಾಗುತ್ತದೆಂದು ತೋಚದೆ, ಬಿಳಿಯಲ್ಲಿ — ಸೈನಿ ಕಣ್ಣು ಮುಚ್ಚಬೇಕು ಅಂದುಕೊಂಡಳು, ಮುಚ್ಚಲಿಲ್ಲ — ಹೆಲ್ವಿ ಕಿಟಕಿಯಾಚೆಯ ಹಿಮವನ್ನೇ ನೋಡುತ್ತ, ಪತ್ರಿಕೆಯ ಕಡೆಯಾಗಲಿ ಗಂಡನ ಮುಖದ ಕಡೆಯಾಗಲಿ ತಿರುಗದೆ, ತನ್ನ ಬೆರಳನ್ನು ಅವರ ಬೆರಳ ಮೇಲಿಟ್ಟಳು, ಮೆಲ್ಲಗೆ ಹಿಂದಕ್ಕೆ ತಂದು ಮುಂದಿನ ಸಾಲಿನ ಮೊದಲ ಅಕ್ಷರಕ್ಕೆ ಇಳಿಸಿದಳು. ಗೊತ್ತು, ಇವಳಿಗೂ ಗೊತ್ತು, ಎಂದಿನಿಂದ, ಹಾಗಾದರೆ ದಿನಾ ಸಂಜೆ ಏನ್ ಓದಿದ್ರಿ ಅಂತ ಕೇಳುವುದು, ಹಾಗಾದರೆ ಇದು ಯಾರ ಗುಟ್ಟು, ಯಾರಿಂದ ಮುಚ್ಚಿಟ್ಟದ್ದು, ಎಲ್ಲರಿಗೂ ಗೊತ್ತಿದ್ದರೆ ಊರಿಗೆ ಹೇಳಿದರೇನು, ಎಲ್ಲರೂ ಹೇಳದೆ ಇದ್ದಾರಲ್ಲ, ಅದಕ್ಕೇ ತಾನೇ ಇದು ಇನ್ನೂ ನಿಂತಿರುವುದು, ತಾನೊಬ್ಬಳೇ — ಟಾರ್ಮೋ ಸೈನಿಯನ್ನೇ ನೋಡುತ್ತಿದ್ದಾನೆ, ಅವನಿಗೂ ಕಂಡಿದೆ, ಕೈ ಕ್ಯಾಮೆರಾದ ಮೇಲಿದೆ, ಅವಳು ಕೈ ಎತ್ತಿದರೆ ಸಾಕು ಶುರುಮಾಡುತ್ತಾನೆ, ಅದೇ ಅವರಿಬ್ಬರ ಸನ್ನೆ, ಎತ್ತು ಎತ್ತು ಅನ್ನುತ್ತಿವೆ ಕಣ್ಣು, ಇಂಥ ನೋಟ ಜನ್ಮದಲ್ಲಿ ಒಂದು ಸಲ, ಕೈ ಎಲ್ಲಿದೆ, ಕೈ ಧ್ವನಿಯಂತ್ರದ ಮೇಲಿದೆ, ಹೆಬ್ಬೆರಳು ಮೇಷ್ಟ್ರ ಮೈಕಿನ ದನಿ ತಗ್ಗಿಸುವ ಗುಂಡಿಯನ್ನು ಕೆಳಕ್ಕೆ, ಕೆಳಕ್ಕೆ ತಳ್ಳಿತು, ಉಸಿರು ಹೋಯಿತು, ಕಾಗದದ ಸದ್ದು ಹೋಯಿತು, ಗುಂಯ್ ಅನ್ನುವುದೂ ಹೋಯಿತು, ಟಾರ್ಮೋ ಕೈ ಇಳಿಸಿದ, ಶುಕ್ರವಾರ ಏನು ತೋರಿಸುವುದು, ಗೊತ್ತಿಲ್ಲ, ಏನು ತೋರಿಸುವುದು, ಬೆರಳ ಮೇಲೆ ಬೆರಳು, ಸಾಲುಗುಂಟ ಹೋಗುತ್ತಿವೆ, ಸಾಲಿನ ಕೊನೆ, ಅಂಚಿನ ಬಿಳಿ, ಎರಡೂ ಒಟ್ಟಿಗೆ ನಿಂತವು