ಎರಡನೇ ಪ್ರೆಸ್ಸಿನ ಅಲುಗಾಟ

ಬಾಗಿಲಿನ ಕೀಲುಗಳನ್ನು ತಯಾರಿಸುವ ಆ ಕಾರ್ಖಾನೆಯ ಪ್ರೆಸ್ಸುಗಳೆಲ್ಲ ಅಣ್ಣ ಕೆಲಸಕ್ಕೆ ಸೇರುವುದಕ್ಕೂ ಮುಂಚಿನವು. ಅವುಗಳಿಗೆ ಸೆನ್ಸರ್ ಕೂರಿಸಿ, ಯಾವ ಯಂತ್ರ ಎಷ್ಟು ಹೊತ್ತು ದುಡಿಯಿತು, ಎಷ್ಟು ಹೊತ್ತು ಸುಮ್ಮನೆ ನಿಂತಿತು ಎಂಬುದನ್ನು ಆಫೀಸಿನ ಪರದೆಯ ಮೇಲೆ ತೋರಿಸುವ ಕೆಲಸ ತಂಗಿಯ ಪಾಲಿಗೆ ಬಂತು. ಅವಳಿದ್ದ ಸಣ್ಣ ಕಂಪನಿಯ ಕಸುಬೇ ಅದು. ಹೊಸ ಯಂತ್ರ ಕೊಳ್ಳಲು ಮನಸ್ಸಿಲ್ಲದವರು ಇವರನ್ನು ಕರೆಸುತ್ತಿದ್ದರು.

ಬೆಳಗಿನ ಪಾಳಿಯಲ್ಲಿ ಅಣ್ಣ ನಡೆಸುತ್ತಿದ್ದ ಎರಡನೇ ಪ್ರೆಸ್ಸಿನ ಹಿಂದೆ ತೂರಿಕೊಂಡು, ಗಟ್ಟಿಯಾಗಿದ್ದ ಗ್ರೀಸು ಕೆರೆದು, ಬೆರಳುದ್ದದ ಸೆನ್ಸರನ್ನು ಅವಳು ಬಿಗಿಯುತ್ತಿದ್ದಾಗ ಅಣ್ಣ ಬಗ್ಗಿ ನೋಡಿದ.

"ಏನೇ, ಮೂಕ ಯಂತ್ರಕ್ಕೆ ಚಾಡಿ ಹೇಳೋದು ಕಲಿಸ್ತಿದೀಯಾ?"

"ನಿನ್ನ ಮೇಲೆ ಹೇಳೋಕೆ ಏನಿದೆ ಬಿಡು."

ಸುತ್ತಲಿನವರು ನಕ್ಕರು. ಮಧ್ಯಾಹ್ನದ ಪಾಳಿಯಲ್ಲಿ ಅದೇ ಪ್ರೆಸ್ಸಿಗೆ ನಿಲ್ಲುವ ಹಾಡುಗಾರನೂ ನಕ್ಕ. ಕಿವಿಗೆ ಹತ್ತಿ ತುರುಕಿಕೊಂಡು, ತನಗೇ ಕೇಳಿಸದ ಹಾಡು ಗುನುಗುತ್ತ ದುಡಿಯುತ್ತಿದ್ದುದರಿಂದ ಅವನಿಗೆ ಆ ಹೆಸರು ಬಿದ್ದಿತ್ತು.

ಪ್ರೆಸ್ಸಿನ ಕೆಲಸ ನೋಡಲು ಸುಲಭ. ತಗಡನ್ನು ಅಚ್ಚಿನ ಮೇಲಿಡಬೇಕು, ಕೈ ತೆಗೆಯಬೇಕು, ಪೆಡಲ್ ತುಳಿಯಬೇಕು. ಮೇಲಿನ ಉಕ್ಕಿನ ದಿಮ್ಮಿ ಇಳಿದು ತಗಡು ಕತ್ತರಿಸಿ, ಮತ್ತೆ ಮೇಲೇರಿ, ಬ್ರೇಕ್ ಹಿಡಿದು ನಿಲ್ಲುತ್ತದೆ. ಮತ್ತೆ ತುಳಿಯುವ ತನಕ ಅದು ಕದಲಬಾರದು.

ಕೆಲವು ದಿನಗಳಲ್ಲೇ ಪರದೆ ಚಾಡಿ ಹೇಳಿಬಿಟ್ಟಿತು. ಬೆಳಗಿನ ಪಾಳಿಯಲ್ಲಿ ಎರಡನೇ ಪ್ರೆಸ್ಸಿನ ಹಸಿರು ಪಟ್ಟಿ ತುಂಡುತುಂಡಾಗಿತ್ತು, ನಡುನಡುವೆ ಯಂತ್ರ ನಿಂತ ಹೊತ್ತಿನ ಕೆಂಪು. ಮ್ಯಾನೇಜರ್ ಪೆನ್ನಿನ ತುದಿಯಿಂದ ಆ ಕೆಂಪನ್ನು ತಟ್ಟಿದ.

"ಇವನೇನು ನಿಂತ್ಕೊಂಡೇ ನಿದ್ದೆ ಮಾಡ್ತಾನಾ? ಇಬ್ಬರನ್ನ ಕಡಿಮೆ ಮಾಡಿ ಅಂತ ಮೇಲಿಂದ ಹೇಳಿದಾರೆ. ನಿಮ್ಮ ವರದಿ ಬರಲಿ, ನೋಡೋಣ."

ಅವನ ತಂಗಿಯೇ ತನ್ನೆದುರು ಕೂತಿದ್ದಾಳೆಂದು ಮ್ಯಾನೇಜರಿಗೆ ಗೊತ್ತಿರಲಿಲ್ಲ. ಅವಳೂ ಬಾಯಿ ಬಿಡಲಿಲ್ಲ.

ಆ ಕೆಂಪಿನ ಅರ್ಥ ಅವಳಿಗೆ ಗೊತ್ತಿತ್ತು. ಅವಳಿದ್ದದ್ದು ಅಣ್ಣನ ಮನೆಯಲ್ಲೇ. ಬೆಳಿಗ್ಗೆ ಅವನ ಅಂಗಿಯ ಗುಂಡಿಗಳನ್ನು ಅತ್ತಿಗೆ ಹಾಕುವುದನ್ನು ಕಂಡು, ಹೊಸದಾಗಿ ಮದುವೆಯಾದವರ ಹಾಗೆ ಏನಿದು ಎಂದು ಒಮ್ಮೆ ಛೇಡಿಸಿದ್ದಳು. ಅತ್ತಿಗೆ ನಕ್ಕಿರಲಿಲ್ಲ.

"ಬೆರಳು ಮರಗಟ್ಟುತ್ತೆ ಕಣೇ ಇವ್ರಿಗೆ. ಸುಣ್ಣದ ಹಾಗೆ ಬಿಳಚಿಕೊಳ್ಳುತ್ತೆ. ಇಷ್ಟು ವರ್ಷ ಆ ಅದುರೋದನ್ನ ಹಿಡ್ಕೊಂಡು ಇನ್ನೇನಾಗುತ್ತೆ? ಯಾರಿಗೂ ಹೇಳಬೇಡ ಅಂದಿದಾರೆ."

ಮರಗಟ್ಟಿದ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು, ಸ್ಪರ್ಶ ಮರಳುವ ತನಕ ಅಣ್ಣ ಪ್ರೆಸ್ಸಿನೆದುರು ಸುಮ್ಮನೆ ನಿಲ್ಲುತ್ತಿದ್ದ. ಪರದೆಯ ಕೆಂಪೆಲ್ಲ ಅದೇ.

ವರದಿ ಕೊಡುವ ಮುನ್ನ ಅವಳು ಆ ಹೊತ್ತುಗಳನ್ನು ಬಿಡಿಸಿ ನೋಡಿದಳು. ಯಂತ್ರದ ಚಲನೆ ತೋರಿಸುವ ಗೆರೆ ಪೂರ್ತಿ ಮಲಗಿರಲಿಲ್ಲ. ನಿಂತ ಯಂತ್ರದಲ್ಲೂ ಒಂದು ಸಣ್ಣ ಅಲುಗಾಟವಿತ್ತು. ಪಕ್ಕದ ಪ್ರೆಸ್ಸುಗಳ ಏಟು ನೆಲದ ಮೂಲಕ ಬರುತ್ತಿರಬೇಕು ಅಂದುಕೊಂಡಳು. ಹಾಗೆ ಅಂದುಕೊಳ್ಳುವುದು ಅವಳಿಗೆ ಬೇಕಾಗಿಯೂ ಇತ್ತು. ಅಷ್ಟು ಅಲುಗಿದರೂ ಯಂತ್ರ ನಡೆಯುತ್ತಿದೆ ಎಂದೇ ತಿಳಿಯಬೇಕೆಂದು ವ್ಯವಸ್ಥೆಗೆ ಸೂಚನೆ ಕೊಟ್ಟಳು. ಕೆಂಪು ಅಳಿಸಿಹೋಯಿತು. ಬೇರೆ ಪ್ರೆಸ್ಸುಗಳ ಇಬ್ಬರು ಕೆಲಸ ಕಳೆದುಕೊಂಡರು. ಅಣ್ಣ ಉಳಿದುಕೊಂಡ.

ಅದಾದ ಮುಂದಿನ ತಿಂಗಳು, ಅವಳು ಆಫೀಸಿನಲ್ಲಿ ತಂತಿಗಳನ್ನು ಪರೀಕ್ಷಿಸುತ್ತಿದ್ದಾಗ ಪ್ರೆಸ್ಸುಗಳ ಸದ್ದು ಒಂದೊಂದಾಗಿ ಅಡಗತೊಡಗಿತು. ಕೆಳಗೆ ಓಡಿದಳು. ಹಾಡುಗಾರ ಎರಡನೇ ಪ್ರೆಸ್ಸಿಗೆ ಒರಗಿ ನಿಂತಿದ್ದ. ಬಲಗೈ ಅಚ್ಚಿನೊಳಗಿತ್ತು. ಅವನು ಕೂಗುತ್ತಿರಲಿಲ್ಲ, ತುಟಿ ಮಾತ್ರ ಅದುರುತ್ತಿತ್ತು. ದಿಮ್ಮಿ ಮೇಲೆತ್ತಲು ಗಂಡಸರು ಪ್ರೆಸ್ಸಿನ ಪಕ್ಕದ ದೊಡ್ಡ ಚಕ್ರಕ್ಕೆ ಜೋತುಬಿದ್ದು ಹಿಂದಕ್ಕೆ ತಿರುಗಿಸಬೇಕಾಯಿತು. ಕೈ ಹೊರಬಂದಾಗ ಅವಳು ಮುಖ ತಿರುಗಿಸಿದಳು.

"ಆತುರದಲ್ಲಿ ತುಳಿದುಬಿಟ್ಟಿದಾನೆ," ಎಂದ ಮ್ಯಾನೇಜರ್. "ಯಂತ್ರ ಚೆನ್ನಾಗೇ ಇತ್ತು. ನಿಮ್ಮ ವರದಿಯೇ ಹೇಳುತ್ತಲ್ಲ?"

ಎಲ್ಲರೂ ಊಟಕ್ಕೆ ಹೋಗಿ, ಪಕ್ಕದ ಪ್ರೆಸ್ಸುಗಳೆಲ್ಲ ನಿಂತಿರುವ ಹೊತ್ತಿನಲ್ಲಿ ಗೆರೆ ಹೇಗಿದೆ ಎಂದು ಅವಳು ನೋಡಿದ್ದು ಆಗಲೇ. ಅಲುಗಾಟ ಆಗಲೂ ಇತ್ತು. ದಿನದಿಂದ ದಿನಕ್ಕೆ ದೊಡ್ಡದಾಗಿತ್ತು. ನೆಲದಿಂದ ಬಂದದ್ದಲ್ಲ ಅದು; ಸವೆದ ಬ್ರೇಕು ಹಿಡಿತ ತಪ್ಪಿ, ದಿಮ್ಮಿ ಎಳ್ಳಷ್ಟೆಳ್ಳಷ್ಟೇ ಜಾರುತ್ತಿತ್ತು. ಆ ದಿನ ಹಿಡಿತ ಪೂರ್ತಿ ಬಿಟ್ಟು, ತಾನಾಗಿಯೇ ಇಳಿದಿತ್ತು. ನಿಂತ ಯಂತ್ರ ಮಿತಿ ಮೀರಿ ಅಲುಗಿದರೆ ಎಚ್ಚರಿಸುವುದು ಆ ವ್ಯವಸ್ಥೆಗೆ ಗೊತ್ತಿತ್ತು. ಅದರ ಬಾಯಿ ಮುಚ್ಚಿಸಿದವಳು ಅವಳೇ.

ಆಸ್ಪತ್ರೆಯಲ್ಲಿ ಹಾಡುಗಾರನ ಹೆಂಡತಿ ಅವಳಿಗೆ ಸ್ಟೂಲು ಎಳೆದುಕೊಟ್ಟಳು. ಅವನ ಕೈ ಮಣಿಕಟ್ಟಿನಲ್ಲೇ ಮುಗಿದು, ಬ್ಯಾಂಡೇಜಿನ ಉಂಡೆಯಾಗಿತ್ತು.

"ನಾನು ತುಳಿದೆ ಅಂತಾರೆ ಎಲ್ಲರೂ," ಎಂದ ಅವನು. "ಮೊದಮೊದಲು ಇಲ್ಲ ಅಂತ ಜಗಳ ಆಡ್ದೆ. ಈಗ ನನಗೂ ಅನುಮಾನ ಬರ್ತಿದೆ. ನಿನ್ನ ಯಂತ್ರಕ್ಕೆ ಗೊತ್ತಿರುತ್ತಲ್ಲ ತಾಯಿ, ಹೇಳು. ತುಳಿದ್ನಾ?"

"ಇಲ್ಲ. ನೀನು ತುಳಿದಿರಲಿಲ್ಲ."

ಅವನು ಕಣ್ಣು ಮುಚ್ಚಿಕೊಂಡು ದೊಡ್ಡದಾಗಿ ಉಸಿರು ಬಿಟ್ಟ. ಅಲ್ಲಿಗೇ ಎದ್ದು ಬರಬಹುದಿತ್ತು. ಅವಳು ಉಳಿದದ್ದನ್ನೂ ಹೇಳಿದಳು: ಅಣ್ಣನ ಬೆರಳು, ಕೆಂಪು ಪಟ್ಟಿ, ತಾನು ಮಾಡಿದ್ದು, ಎಲ್ಲ. ಅವನು ಗೋಡೆಯ ಕಡೆ ಹೊರಳಿದ. ಹೆಂಡತಿ ಅವಳಿಗೂ ಮಂಚಕ್ಕೂ ನಡುವೆ ಬಂದು ನಿಂತಳು.

"ಎದ್ದು ಹೋಗು," ಎಂದಳು. "ದಮ್ಮಯ್ಯ, ಎದ್ದು ಹೋಗು ಇಲ್ಲಿಂದ."

ತನಿಖೆಗೆ ಬಂದ ಅಧಿಕಾರಿಯ ಮುಂದೆಯೂ ಅವಳು ಅದನ್ನೇ ಹೇಳಿದಳು. ತಪ್ಪು ಹಾಡುಗಾರನದಲ್ಲ ಎಂದು ತೀರ್ಮಾನವಾಯಿತು. ಅವಳ ಕಂಪನಿ ಅಂದೇ ಅವಳನ್ನು ತೆಗೆದುಹಾಕಿತು. ಅಣ್ಣನ ಕೈಗಳನ್ನು ವೈದ್ಯರು ಸೂಜಿಯಿಂದ ಚುಚ್ಚಿ ನೋಡಿದರು. ಎಲ್ಲಿ ಚುಚ್ಚಿದರು ಎಂದು ಅವನಿಗೆ ಹೇಳಲಾಗಲಿಲ್ಲ. ಪ್ರೆಸ್ಸಿನ ಹತ್ತಿರ ಇನ್ನು ಸುಳಿಯುವ ಹಾಗಿಲ್ಲ ಎಂದರು. ಬೇರೆ ಕೆಲಸ ಕಾರ್ಖಾನೆಯಲ್ಲಿರಲಿಲ್ಲ.

ಅಣ್ಣ ಹಲವು ದಿನ ಅವಳೊಡನೆ ಮಾತಾಡಲಿಲ್ಲ. ಒಂದು ಬೆಳಿಗ್ಗೆ ಅತ್ತಿಗೆ ಬಟ್ಟೆ ಒಣಗಿಸಲು ಹೋಗಿದ್ದಾಗ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತ.

"ನನ್ನನ್ನ ಒಂದು ಮಾತು ಕೇಳಬೇಕಿತ್ತು ನೀನು."

"ಹೂಂ."

"ಕೇಳಿದ್ರೆ ಬೇಡ ಅಂತಿದ್ದೆ."

ಅವಳು ತಲೆ ತಗ್ಗಿಸಿ ಪಾತ್ರೆ ತಿಕ್ಕುತ್ತಲೇ ಇದ್ದಳು. ಅವನು ಹೋಗಲಿಲ್ಲ. ಎರಡೂ ಕೈಗಳನ್ನು ಕಂಕುಳಲ್ಲಿ ಅದುಮಿಕೊಂಡು ನೆಲ ನೋಡುತ್ತ ನಿಂತಿದ್ದ.

"ಅಂತಿರಲಿಲ್ಲ ಅನ್ಸುತ್ತೆ ಕಣೇ," ಎಂದ ಕೊನೆಗೆ. "ಸುಮ್ಮನಿರ್ತಿದ್ದೆ."

ಅವಳು ನಲ್ಲಿ ನಿಲ್ಲಿಸಿದಳು. ಅಂಗಿ ಹಾಕಿಕೊಂಡು ಬರುತ್ತೇನೆ, ಆಸ್ಪತ್ರೆಗೆ ಹೋಗಿ ಹಾಡುಗಾರನನ್ನು ನೋಡಿಬರೋಣ ಎಂದ ಅವನು. ಒಳಗೆ ಬಿಡುವುದಿಲ್ಲ ಎಂದಳು ಅವಳು. ಬಿಡದಿದ್ದರೆ ಹೊರಗೆ ನಿಂತಿದ್ದು ಬರೋಣ ಎಂದ.